ಹಿಂದಿನ ಸೀಟಿನ ಅಪ್ಪ

ಓದಿದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ: ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಕಷ್ಟಪಟ್ಟು ಸಂಪಾದಿಸಿದ್ದು, ಹಾಗಾಗಿ ಚಾಳಿಯನ್ನೂ ಧಾರಾಳವಾಗಿ ಬಳಸುತ್ತೇನೆ. ಸಾವಿನ ಮನೆಯಲ್ಲೂ ಬಳಸಿದೆ.

ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಹದಿನಾರನೆಯ ದಿನದವರೆಗೆ ಸಂಜೆಯಾದರೆ ಬೀದಿಯವರೆಲ್ಲ ಜಗುಲಿಗೆ ಬರುತ್ತಾರೆ. ಸಮಾಧಾನ ಹೇಳುವುದಿಲ್ಲ, ಹೋದವರ ಕತೆ ಹೇಳುತ್ತಾರೆ. ಪುರಾಣಗಳೂ ಹೀಗೇ ಹುಟ್ಟಿರಬೇಕೆಂದು ನನ್ನ ಗುಮಾನಿ. ಯಾರದೋ ಹದಿನಾರು ದಿನ ಮುಗಿಯುವಷ್ಟರಲ್ಲಿ ಕೋತಿಯೊಂದು ಕಡಲು ದಾಟಿರುತ್ತದೆ.

ಅಪ್ಪ ಹೋದ ಹತ್ತನೆಯ ದಿನ ಅಪ್ಪನ ಅಕ್ಕ, ನನ್ನ ಅತ್ತೆ, ಬಸ್ಸಿನ ಕತೆ ತೆಗೆದಳು. ನನ್ನ ರಿಸಲ್ಟ್ ಬಂದ ದಿನ ಅಪ್ಪ ತೇನಿಯಲ್ಲಿ ಮೈಸೂರು ಪಾಕು ಕೊಂಡು, ಊರಿಗೆ ಬರುವ ಬಸ್ಸಿನಲ್ಲಿ ಹಂಚಿದ್ದ.

"ಎಲ್ಡು ಕಿಲೋ! ಡ್ರೈವರು ವಂಡಿ ನಿಲ್ಸಿ ತಿಂದ!"

"ಅರ್ಧ ಕಿಲೋ ಅತ್ತೆ. ಬಸ್ಸೂ ನಿಲ್ಲಿಲ್ಲ. ನಾ ಅಲ್ಲೇ ಇದ್ನಲ್ಲ," ಎಂದೆ.

"ಆಮಾ, ಪಡಿಚ್ಚವ್ಳು ನೀನು, ಓದ್ದವ್ಳು. ನೀನೇ ಹೇಳವ್ವ," ಎಂದು ಅತ್ತೆ ಬಾಯಿಗೆ ಎಲೆಯಡಿಕೆ ಹಾಕಿಕೊಂಡಳು.

ಮರುದಿನ ಬಂದವರು ಅಪ್ಪನ ಸುದ್ದಿ ಬಿಟ್ಟು ದ್ರಾಕ್ಷಿ ಬೆಳೆಯ ಬಗ್ಗೆ ಮಾತಾಡಿ, ಕಾಫಿ ಕುಡಿದು ಎದ್ದರು. ಅದರ ಮರುದಿನವೂ ಅಷ್ಟೆ. ಲೋಟ ತೊಳೆಯುವಾಗ ನನಗೆ ಹೊಳೆಯಿತು: ಅಪ್ಪ ತೀರಿಕೊಂಡದ್ದು ಅವತ್ತು, ಮನೆ ಬಿಟ್ಟು ಹೋದದ್ದು ಇವತ್ತು. ಅಟ್ಟಿದವಳು ನಾನೇ. ಇನ್ನು ಉಳಿದದ್ದು ನಾಲ್ಕೇ ಸಂಜೆ.

ಹದಿಮೂರನೆಯ ದಿನ ನಾನೇ ಶುರು ಮಾಡಿದೆ. ಮನೆಮಾತು ನನಗೆ ಅರ್ಥವಾಗುವಷ್ಟು ಆಡಲು ಬರುವುದಿಲ್ಲ. ತಮಿಳಿನ ಊರುಗೋಲು ಬೇಕು. "ಅವತ್ತು ಬಸ್ನಾಗೆ ಅಪ್ಪ... ಎಲ್ಡು ಕಿಲೋ..." ಎಂದು ತೊದಲಿದೆ.

ಅತ್ತೆ ಗಂಭೀರವಾಗಿ, "ಮೂರಿದ್ರೂ ಇರ್ಬೋದು," ಎಂದಳು.

ಆಗ ಎದುರುಮನೆಯ ಪೆರುಮಾಳಣ್ಣ ಬಾಯಿಬಿಟ್ಟ. ಅವನೂ ಅದೇ ಬಸ್ಸಿನಲ್ಲಿದ್ದನಂತೆ. "ನೀ ಮುಂದೆ ಹೆಂಗಸ್ರ ಸೀಟ್ನಾಗಿದ್ದೆ ತಾಯಿ. ಹಿಂದೆ ನಡೆದಿದ್ದು ನಿಂಗೆಂಗೆ ತಿಳೀತದೆ? ಅರ್ಧ ಕಿಲೋನೇ. ಹಿಂದ್ಕೆ ಬರ್ತಾ ಬರ್ತಾ ತುಂಡು ಚಿಕ್ಕದಾತು. ಕಡೇ ಸೀಟ್ಗೆ ಬರೀ ಪುಡಿ. ಅವ್ನಿಗೇ ಇಲ್ಲ! ಕಾಗದ ನೆಕ್ಕವ್ನೆ. 'ಮಗ್ಳಿಗೆ ಹೇಳ್ಬ್ಯಾಡ್ವೋ, ಮಾನ ಹೋಗ್ತದೆ' ಅಂದ."

ಜಗುಲಿಗೆ ಜಗುಲಿಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. ಕಾಗದ ನೆಕ್ಕುವ ಅಪ್ಪನನ್ನು ನಾನು ನೋಡಿದ್ದು ಅವತ್ತೇ ಮೊದಲು. ಉಳಿದ ಮೂರು ಸಂಜೆಗಳಲ್ಲಿ ನಾನು ಕಾಣದ ಇನ್ನೂ ಎಷ್ಟೋ ಅಪ್ಪಂದಿರು ಬಂದು ಕೂತರು. ಒಬ್ಬರನ್ನೂ ತಿದ್ದಲಿಲ್ಲ.

ಹೋದ ತಿಂಗಳು ಮೇಲಿನ ಬೀದಿಯ ತಾತ ತೀರಿಕೊಂಡರು. ನಾನೂ ಹೋಗಿ, ಓಡಿಹೋದ ಎತ್ತನ್ನು ಹುಡುಕುತ್ತ ಅವರು ಪಳನಿಯವರೆಗೆ ನಡೆದ ಕತೆ ಹೇಳಿದೆ. ಇಂಜಿನಿಯರಿಂಗ್ ಮುಗಿಸಿದ ಮೊಮ್ಮಗ, "ಅಕ್ಕಾ, ಪಳನಿ ಅಲ್ಲ, ಇತ್ಲಾಗೆ ಬತ್ತಲಗುಂಡುವರೆಗೆ ಮಾತ್ರ..." ಎಂದು ಬಾಯಿ ತೆರೆದ. ಅವನ ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡೆ. ಆಮೇಲೆ ಎತ್ತನ್ನು ಪಳನಿ ಬೆಟ್ಟದ ಮೆಟ್ಟಿಲನ್ನೂ ಹತ್ತಿಸಿದೆ.