ಯಂಕೋಬನ ಮಷಿನ್ನು ಕೇಳಿದ ಸಾಮಾನು

ಸಿಂಧನೂರಿನ ಗಂಜ್ ರಸ್ತೆಯಲ್ಲಿ ನನ್ನ ಗೊಬ್ಬರದ ಅಂಗಡಿಯ ಪಕ್ಕ ಯಂಕೋಬನ ಕಂಪ್ಯೂಟರ್ ಅಂಗಡಿ, ಎದುರಿಗೆ ದಸ್ತಗೀರ್‌ಸಾಬನದು. ಇಬ್ಬರದೂ ಬಿಲ್ಲು, ಲಗ್ನಪತ್ರಿಕೆಯ ಕೆಲಸವೇ. ದಸ್ತಗೀರ್‌ಸಾಬ ಹೊಸ ಬೋರ್ಡು ಬರೆಸಿದರೆ ಯಂಕೋಬನಿಗೆ ಊಟ ಸೇರುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ದಸ್ತಗೀರ್‌ಸಾಬ ಹೈದರಾಬಾದಿನಿಂದ, ಕಂಪ್ಯೂಟರ್ ನಡೆಸುವ ಡೆಬಿಯನ್ ಎಂಬ ಲಿನಕ್ಸಿನ ಎರಡು ಸಿಡಿ ತಂದ. ಹಟಕ್ಕೆ ಬಿದ್ದ ಯಂಕೋಬ ರಾಯಚೂರಿಗೆ ಹೋಗಿ ಮೊದಲನೆಯದನ್ನಷ್ಟೇ ಸಂಪಾದಿಸಿದ. ಆಗಲೇ ಜವಳಗೇರಾದ ರೈಸ್‌ಮಿಲ್ಲಿನ ಬಸವಂತರಾಯರು, ಸೋಮವಾರ ಚೊಕ್ಕ ಬಿಲ್ಲು ತೆಗೆದು ತೋರಿಸಿದರೆ ಸುಗ್ಗಿಯ ಕೆಲಸವೆಲ್ಲ ನಿನಗೇ ಎಂದು ಯಂಕೋಬನಿಗೆ ಹೇಳಿದ್ದರು.

ಸಿಡಿ ಹಾಕಿದರೆ ಕರಿ ಪರದೆ, ಬರೀ ಅಕ್ಷರ, ಪ್ರೋಗ್ರಾಮುಗಳ ಉದ್ದನೆಯ ಪಟ್ಟಿ. ಬೇಕಾದುದರ ಮೇಲೆ ಪ್ಲಸ್ ಒತ್ತಬೇಕು. ಯಂಕೋಬ ಪ್ರಿಂಟಿನ ಪ್ರೋಗ್ರಾಮಿಗೆ ಒತ್ತಿದ. ಕೂಡಲೇ ಇನ್ನೊಂದು ಪಟ್ಟಿ ತೆರೆಯಿತು: ಇದು ನಡೆಯಬೇಕಾದರೆ ಅದು ಬೇಕು, ಅದಕ್ಕೆ ಮತ್ತೊಂದು ಬೇಕು.

ಯಂಕೋಬ ಮೊದಲು ನನ್ನಲ್ಲೇ ಕೆಲಸಕ್ಕಿದ್ದವ. ತುರ್ವಿಹಾಳದ ರೈತ ಯೂರಿಯಾ ಕೇಳಿದರೆ ನಾನು ಜೊತೆಗೆ ಜಿಂಕಿನ ಪಾಕೀಟು ಗಂಟುಹಾಕುವುದನ್ನು ಕಣ್ಣಾರೆ ಕಂಡವ.

“ನೋಡ್ರೀ ಸಾವ್ಕಾರ್ರ, ಈ ಮಷಿನ್ನೂ ನಿಮ್ಮಂಗ ವ್ಯಾಪಾರ ಮಾಡಾಕತ್ತೈತಿ! ಒಂದು ಕೇಳಿದ್ರ ನಾಕು ತಗೋ ಅಂತೈತಿ.”

“ನನ್ನ ಜಿಂಕ್ ಇಲ್ಲದಿದ್ರೂ ಭತ್ತ ಬೆಳೀತೈತಲೇ. ಇದು ಹಂಗ ಐತೋ ಇಲ್ಲೋ, ದಸ್ತಗೀರನ್ನ ಕೇಳು.”

“ಅವನ್ನ ಕೇಳೂದಕಿಂತ ಅಂಗಡಿ ಮುಚ್ಚೂದು ಚಲೋ!”

ಎಂದವನೇ ಜೊತೆಯ ಸಾಮಾನನ್ನೆಲ್ಲ ಪಟ್ಟಿಯಿಂದ ತೆಗೆದು, ‘ನಾ ಹೇಳಿದಷ್ಟೇ ಮಾಡು’ ಎಂದು ಗದರುವ, ಇಂಗ್ಲಿಷಿನ ದೊಡ್ಡ ಕ್ಯೂ ಅಕ್ಷರ ಒತ್ತಿದ.

ಸೋಮವಾರ ಬಸವಂತರಾಯರ ಎದುರು ಪ್ರಿಂಟರ್ ಖಾಲಿ ಹಾಳೆ ಉಗುಳಿತು. ಅವರು ತಿರುವಿ ನೋಡಿದರು. ಆ ಕಡೆಯೂ ಖಾಲಿ.

“ಇದರಾಗ ನನ್ನ ಮಿಲ್ಲಿನ ಹೆಸರು ಎಲ್ಲೈತೋ ತಮ್ಮಾ?”

“ಸಂಜೀತನ ತಡೀರಿ, ಧಣಿ.”

“ಸಂಜೀಗೂ ಹಿಂಗ ಬಂದ್ರ ನಾ ಎದುರಿನ ಅಂಗಡಿಗೆ ಹೊಂಟೆ.”

ಯಂಕೋಬ ಬೇವಿನ ಕಷಾಯ ಕುಡಿದವನಂತೆ ಮುಖ ಮಾಡಿ ರಸ್ತೆ ದಾಟಿದ. ದಸ್ತಗೀರ್‌ಸಾಬ ಕುಡಿಯುತ್ತಿದ್ದ ಚಹಾ ಬಿಟ್ಟು, ಎರಡನೆಯ ಸಿಡಿ ಹಿಡಿದು ಬಂದ. ತೆಗೆದುಹಾಕಿದ್ದಕ್ಕೆಲ್ಲ ಮತ್ತೆ ಪ್ಲಸ್ ಒತ್ತಿದ.

“ಅಚ್ಚಿನ ಅಕ್ಷರಾನ ನೀ ತೆಗೆದದ್ದರಾಗ ಅದಾವ ಭಾಯಿ. ಅವನ್ನ ಬ್ಯಾಡಂದ್ರ ಅದು ಏನ್ ಬರೀಬೇಕು?”

ಸಂಜೆಗೆ ಬಿಲ್ಲು ಮುತ್ತಿನಂತೆ ಬಂತು. ಬಸವಂತರಾಯರು ದಸ್ತಗೀರ್‌ಸಾಬನತ್ತ ತಿರುಗಿ, “ನೀನ ಮಾಡಿಕೊಡ್ತೀಯೇನು?” ಎಂದರು.

“ಯಂಕೋಬನ ಮಾಡ್ತಾನ್ರೀ. ನನಗ ಮಸ್ಕಿ ಮಿಲ್ಲಿನ ಕೆಲಸಾನ ಮುಗೀವಲ್ದು,” ಎಂದು ನಕ್ಕು, ಸಿಡಿಯನ್ನೂ ಅಲ್ಲೇ ಬಿಟ್ಟು ಹೋದ.

“ಗೆದ್ದೆಲ್ಲಲೇ!” ಎಂದೆ ನಾನು.

ಯಂಕೋಬ ಎದುರಿನ ಅಂಗಡಿಯನ್ನೇ ನುಂಗುವಂತೆ ನೋಡುತ್ತಿದ್ದ.

“ಸಿಡಿ ಕೊಟ್ಟ, ಕೆಲಸಾನೂ ಬಿಟ್ಟುಕೊಟ್ಟ. ಮಾರಿ ಮ್ಯಾಲ ಒಂದೀಟರ ಹೊಟ್ಟೆಕಿಚ್ಚು ಐತೇನ್ರೀ? ಎಷ್ಟು ಸೊಕ್ಕು ಇರಬೇಕು ಮಗಗ!”