ಅಜ್ಜಿಗೆ ಸುಳ್ಳು ಹೇಳಲೊಲ್ಲದ ಸರ್

ಅವರ ಬಲಗೈಯ ಮೂರು ಬೆರಳುಗಳು ಯಾವಾಗಲೂ ನೇರಳೆ. ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾ ಕಾಣಲೆಂದು ಗಾಜಿನ ಪಟ್ಟಿಗೆ ಹಚ್ಚುವ ಬಣ್ಣ ಅದು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ರಾಣೆಬೆನ್ನೂರಿನ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಆ ಸರ್ ನೆನಪಾದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟೇ.

ಎಂಬತ್ತರ ದಶಕದ ಕೊನೆ. ಪರೀಕ್ಷೆ ಹತ್ತಿರವಾಗಿತ್ತು, ಪಾಠ ಅರ್ಧವೂ ಮುಗಿದಿರಲಿಲ್ಲ. ಇವರು ಮಾತ್ರ ಪುಸ್ತಕದಲ್ಲಿ ಒಂದೇ ಸಾಲು ಇದ್ದ ಸಂಗತಿಯನ್ನು ಮೂರು ವಾರ ಎಳೆದರು. ಮನುಷ್ಯನ ಜೀನು ಸೇರಿಸಿದರೆ ಬ್ಯಾಕ್ಟೀರಿಯಾ ನಮಗಾಗಿ ಇನ್ಸುಲಿನ್ ತಯಾರಿಸುತ್ತದೆ, ಇಷ್ಟೇ ವಿಷಯ.

"ಅದಕ್ಕೊಂದು ಚೀಟಿ ಬರದು ಕೊಟ್ಟಂಗ. ಚೀಟಿಯೊಳಗ ಏನೈತೋ ಅದನ್ನ ಮಾಡ್ತದ. ಕೋಟಿಗಟ್ಟಲೆ ಬೆಳಸ್ರಿ, ಅದೇ ಕಾರ್ಖಾನಿ."

"ಸರ್, ಇದು ಪರೀಕ್ಷಾದಾಗ ಬರಂಗಿಲ್ರಿ" ಎಂದೆ.

"ಪರೀಕ್ಷಾದಾಗ ಬರಲಿಲ್ಲಂದ್ರ ನಿಮ್ಮ ಮನಿಗೂ ಬರಂಗಿಲ್ಲೇನು?"

ಬಂದೇ ಬಂತು. ಬ್ಯಾಡಗಿಯಲ್ಲಿದ್ದ ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಗಾಯ ಮಾಯದಂತಾಯಿತು. ಹಾವೇರಿಯ ಡಾಕ್ಟರು ಇನ್ಸುಲಿನ್ ಶುರುಮಾಡಿದರು. ಎಂಟು ದಿನವಾದ ಮೇಲೆ, ಸೂಜಿ ಚುಚ್ಚಲು ಬರುತ್ತಿದ್ದ ಕಂಪೌಂಡರ್ ಅದು ಹಂದಿಯ ಗ್ರಂಥಿಯಿಂದ ತೆಗೆದದ್ದೆಂದು ಬಾಯಿಬಿಟ್ಟ. ಲಿಂಗಪೂಜೆಯಾಗದೆ ನೀರು ಮುಟ್ಟದ ಅಜ್ಜಿ ಅಂದಿನಿಂದ ಸೂಜಿ ಒಲ್ಲೆ ಎಂದಳು. ಗಾಯ ಕಪ್ಪಾಗತೊಡಗಿತು.

ಸರ್ ಪಾಠವನ್ನು ನನ್ನಿಂದ ಕೇಳಿದ್ದ ಅಪ್ಪ ಕಾಲೇಜಿಗೇ ಬಂದು ಸರ್ ಮುಂದೆ ಕೈಮುಗಿದ. "ಇದು ಬ್ಯಾಕ್ಟೀರಿಯಾ ಮಾಡಿದ ಔಷಧ ಅಂತ ನಮ್ಮವ್ವಗ ಒಂದ್ ಮಾತು ಹೇಳ್ರಿ, ಸಾಕು."

"ಬರ್ತೇನ್ರಿ. ಆದ್ರ ಹಂಗ ಹೇಳಂಗಿಲ್ಲ. ಆ ಔಷಧ ನಮ್ಮ ಕಡೆ ಇನ್ನೂ ಬಂದಿಲ್ಲ."

ಬಂದರು. ಪಕ್ಕದ ಗೋದಾಮಿನ ಮೆಣಸಿನಕಾಯಿ ಘಾಟಿಗೆ ಸೀನುತ್ತ ಅಜ್ಜಿಯೆದುರು ಕುಳಿತು ಹಂದಿಯ ಸಮೇತ ಎಲ್ಲ ಹೇಳಿದರು. ಬ್ಯಾಕ್ಟೀರಿಯಾದ ಔಷಧ ಬರುವವರೆಗೂ ಇದೇ ಗತಿ ಎಂದರು. ಅಪ್ಪ ಹಲ್ಲು ಕಡಿಯುತ್ತಿದ್ದ.

"ಆ ಹುಳಕ್ಕ ಜೀವ ಇಲ್ಲೇನ್ರಿ ಮಾಸ್ತರ?" ಅಜ್ಜಿ ಕೇಳಿದಳು.

ಇಲ್ಲ ಎಂದುಬಿಟ್ಟಿದ್ದರೆ ಏನು ಹೋಗುತ್ತಿತ್ತು?

"ಐತ್ರಿ ಅವ್ವಾರ. ಔಷಧ ತಗಿಯೋಮುಂದ ಅವನ್ನೂ ಒಡೀತಾರ."

ಇನ್ನು ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಗ ಸರ್ ದನಿ ತಗ್ಗಿಸಿದರು. "ನಮ್ಮ ಅಮ್ಮಿಗೂ ಇದೇ ಬ್ಯಾನಿ ಇತ್ರಿ. ಹಂದಿ ನಮಗೂ ನಡ್ಯಂಗಿಲ್ಲ. ಬ್ಯಾರೇದಂತ ಸುಳ್ಳು ಹೇಳಿ ಚುಚ್ಚಿಸಿದೆ. ಒಂದಿನ ಗೊತ್ತಾತು. ಮುಂದ ನನ್ನ ಕೈಯಿಂದ ನೀರೂ ತಗೋಳಿಲ್ಲ, ಹಂಗ ಹೋದ್ಲು. ಖರೇ ಹೇಳಿದ್ರ ಒಪ್ಪತಿದ್ಲೋ ಏನೋ. ನಾ ಕೇಳಲೇ ಇಲ್ಲ. ನಿಮ್ಮನ್ನರ ಕೇಳ್ತೇನ್ರಿ ಅವ್ವಾರ, ಸೂಜಿ ತಗೋತೀರೇನು?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ನನ್ನ ಕೇಳಿದ್ರಿ. ನಮ್ಮವರು ಯಾರೂ ಕೇಳಿಲ್ಲ" ಎಂದು ಅಪ್ಪನತ್ತ ತಿರುಗಿದಳು. "ಕಂಪೌಂಡರ್‌ನ ಕರಿ."

ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅಜ್ಜಿ ನನ್ನ ಮದುವೆಯನ್ನೂ ನೋಡಿದಳು.

ಮುಂದೆ ನಾನು, ಬಟ್ಟೆ ಸೋಪಿಗೆ ಬೇಕಾದ ಕಿಣ್ವವನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುವ ಕಾರ್ಖಾನೆಗೆ ಸೇರಿದೆ. ನಾನೇ ನಿಂತು ಬೆಳೆಸಿದ ಮೊದಲ ತೊಟ್ಟಿ ಕೈಗೂಡಿದ ದಿನ ಸರ್‌ಗೆ ತೊಟ್ಟಿಯ ಲೆಕ್ಕವೆಲ್ಲ ಸೇರಿಸಿ ನಾಲ್ಕು ಪುಟದ ಪತ್ರ ಬರೆದೆ. ಜನ್ಮದಲ್ಲಿ ಯಾರಿಗೂ ಹಾಗೆ ಕೃತಜ್ಞತೆ ಹೇಳಿರಲಿಲ್ಲ. ಅದೇ ಪತ್ರ ಅಂಚೆಯಲ್ಲಿ ವಾಪಸು ಬಂತು. ಎರಡು ಕಾಗುಣಿತ ತಿದ್ದಿ, ಅಂಚಿನಲ್ಲಿ ಒಂದೇ ಮಾತು ಬರೆದಿದ್ದರು: "ಉಷ್ಣಾಂಶ ತಪ್ಪಾಗಿದೆ, ನೋಡಿಕೊ." ನೋಡಿದೆ. ಮುಂದಿನ ತೊಟ್ಟಿಗೆಂದು ಬರೆದಿಟ್ಟ ಟಿಪ್ಪಣಿಯಲ್ಲೂ ಅದೇ ತಪ್ಪಿತ್ತು. ತಿದ್ದದಿದ್ದರೆ ಇಡೀ ತೊಟ್ಟಿ ಸಾಯುತ್ತಿತ್ತು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಒಳ್ಳೆಯ ಮಾತು ಬರೆಯಲು ಏನಾಗಿತ್ತು ಇವರಿಗೆ?

ಜಗಳಾಡಲೆಂದೇ ರಾಣೆಬೆನ್ನೂರಿಗೆ ಹೋದೆ. ಅವರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿನ್ನ ಪತ್ರ ನಮಗೆಲ್ಲ ಮೂರು ಸಲ ಓದಿ ಹೇಳಿದ್ರವ್ವ. ಕಣ್ಣಾಗ ನೀರು ಬಂದಿತ್ತು. ಆಮ್ಯಾಲೆ ಪೆನ್ನು ಕೊಡು ಅಂದ್ರು."