ಹಕ್ಕಿ ಸಾಯದ ಛರ್ರಾ

ಕೊಹಿನೂರಿನ ಮಹಾರುದ್ರಪ್ಪ ಐವತ್ತು ದಾಟಿದ ಮೇಲೆ ಪೇರಲ ತೋಟ ಮಾಡಿದ. ಊರವರೆಲ್ಲ ಉದ್ದು, ಹೆಸರು, ತೊಗರಿ ಬಿತ್ತಿಕೊಂಡು ನೆಮ್ಮದಿಯಿಂದ ಇರುವಾಗ ಇವನಿಗೆ ಮಾತ್ರ ಪೇರಲದ ಹುಚ್ಚು ಎಲ್ಲಿಂದ ಹತ್ತಿತೋ. ಹುಮನಾಬಾದಿನಿಂದ ನೂರಾ ಇಪ್ಪತ್ತು ಸಸಿ ತಂದ. ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ. ಎಲೆಗೆ ಹುಳ ಬಿದ್ದರೆ ಒಂದೊಂದೇ ಆರಿಸಿ ಬೇಲಿಯಾಚೆ ಬಿಟ್ಟು ಬರುತ್ತಿದ್ದ. ಅವು ಮರುದಿನ ತಿರುಗಿ ಬರುತ್ತಿದ್ದವು. ಇವನು ಮತ್ತೆ ಬಿಟ್ಟು ಬರುತ್ತಿದ್ದ.

ತೊಂಬತ್ತೇಳರಲ್ಲಿ ಗಿಡಗಳು ಮೊದಲ ಸಲ ಮೈತುಂಬ ಕಾಯಿ ಹಿಡಿದವು. ಸುದ್ದಿ ಗಿಳಿಗಳಿಗೆ ಮೊದಲು ಮುಟ್ಟಿತು. ಮಹಾರುದ್ರಪ್ಪ ಡಬ್ಬಿ ಬಡಿದ, ಹಳೆಯ ಅಂಗಿ ತೊಡಿಸಿ ಬೆದರುಬೊಂಬೆ ನಿಲ್ಲಿಸಿದ. ಗಿಳಿಗಳು ಬೊಂಬೆಯ ಹೆಗಲ ಮೇಲೆ ಕುಳಿತು ಪೇರಲ ತಿಂದವು.

ಹೊಲ ಇನ್ನೂ ಪಾಲಾಗಿರಲಿಲ್ಲ. ತೀರಿಹೋದ ಅಣ್ಣನ ಮಗ ಗುರುಶಾಂತನಿಗೆ ಅದರಲ್ಲಿ ಅರ್ಧ ಹಕ್ಕಿತ್ತು. ಅವನು ಒಂದು ಮುಂಜಾನೆ ಬಂದು ಮನೆಯ ಕಟ್ಟೆಯ ಮೇಲೆ ಕುಳಿತ.

"ಕಾಕಾ, ಒಂದು ಛರ್ರಾ ಬಂದೂಕು ತಗೋರಿ. ಎರಡು ಗಿಣಿ ಹೊಡದು ಗಿಡಕ್ಕ ಕಟ್ಟಿದ್ರ ಉಳದವು ಈ ಕಡಿ ತಲಿ ಹಾಕಂಗಿಲ್ಲ."

ಮಹಾರುದ್ರಪ್ಪ ಬಡಿಯುವ ಡಬ್ಬಿಯ ತಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡತೊಡಗಿದ. ಅಡುಗೆಮನೆಯಿಂದ ಅವನ ಹೆಂಡತಿ ಸಂಗಮ್ಮನ ಧ್ವನಿ ಬಂತು.

"ಬಂದೂಕು ಬರಲಿ. ಖರೆ ಆ ತ್ವಾಟದಾಗ ಒಂದು ಹಕ್ಕಿ ಸತ್ತದ್ದು ಕಂಡ್ರ ಅವತ್ತಿನಿಂದ ನಾ ಒಲಿ ಹಚ್ಚಂಗಿಲ್ಲ."

ಸಂಗಮ್ಮ ಒಮ್ಮೆ ಅಂದದ್ದನ್ನು ತಿರುಗಿಸುವವಳಲ್ಲ ಎಂಬುದು ಊರಿಗೇ ಗೊತ್ತಿತ್ತು. ಸಂಜೆಯೊಳಗೆ ಕೊಹಿನೂರಿನಲ್ಲಿ ಮಾತು ಹರಡಿತು. ಹೆಂಡತಿ ಬಲು ಹಟಮಾರಿ, ಪಾಪ ಅವನಾದರೂ ಏನು ಮಾಡಿಯಾನು ಎಂದರು ಜನ. ಮಹಾರುದ್ರಪ್ಪ ಪಾಪದವನಂತೆಯೇ ಮುಖ ಮಾಡಿಕೊಂಡು ಓಡಾಡಿದ.

ಆದರೂ ಕಾಕಾ ಮತ್ತು ಅಣ್ಣನ ಮಗ ಇಬ್ಬರೂ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಮಾಣಿಕನಗರಕ್ಕೆ ಹೋದರು. ಅಲ್ಲಿ ತುಳಜಾರಾಮ ಎಂಬವನ ಅಂಗಡಿ. ಸೈಕಲ್ಲು, ಸ್ಟೋವು, ಏರ್‌ಗನ್ನು ಮೂರನ್ನೂ ರಿಪೇರಿ ಮಾಡುವವನು. ಅವನು ಹಳೆಯದೊಂದು ಬಂದೂಕು ತೋರಿಸಿ, ಛರ್ರಾ ಎನ್ನುವ ಸಣ್ಣ ಸೀಸದ ಗುಂಡುಗಳ ಮೂರು ಡಬ್ಬಿಗಳನ್ನು ಮುಂದಿಟ್ಟ.

"ಇದು ಚಪ್ಪಟಿ ಮೂತೀದ್ರಿ, ಸನೇದಿಂದ ಹೊಡಿಯಾಕ. ಇದು ಚೂಪಂದು, ಒಳಗ ಹೊಕ್ಕು ಕೂಡ್ತದ. ಇದು ಗುಂಡು ಮೂತೀದು, ದೂರ ಹೋದ್ರೂ ದಾರಿ ತಪ್ಪಂಗಿಲ್ಲ. ಯಾವ್ದು ಕೊಡ್ಲಿ ಸಾವಕಾರ್ರ?"

ಮಹಾರುದ್ರಪ್ಪ ಮೂರನ್ನೂ ಅಂಗೈ ಮೇಲೆ ಹೊರಳಾಡಿಸಿ ನೋಡಿದ. "ಇದರಾಗ ಹಕ್ಕಿ ಸಾಯಲಾರದ್ದು ಯಾವ್ದ್ರಿ?"

ತುಳಜಾರಾಮ ಕೈಯಲ್ಲಿದ್ದ ಸ್ಟೋವಿನ ಬರ್ನರನ್ನು ಕೆಳಗಿಟ್ಟ. ಅಂಗಡಿ ತೆರೆದು ಇಪ್ಪತ್ತು ವರ್ಷವಾಗಿತ್ತು, ಈ ಗಿರಾಕಿ ಇವತ್ತೇ ಬಂದಿದ್ದ.

"ಮತ್ತ ಬಂದೂಕು ಯಾಕ್ರಿ?"

"ಹಕ್ಕಿ ಓಡಸಾಕ."

"ಹಂಗಾದ್ರ ಗುರಿ ತಪ್ಪಿಸಿ ಹೊಡೀರಿ."

"ತಪ್ಪಸಾಕ ಹೋಗಿ ತಾಗಿತಂದ್ರ?"

ಗುರುಶಾಂತ ನಾಚಿಕೆಯಿಂದ ರಸ್ತೆಯ ಕಡೆ ತಿರುಗಿ ನಿಂತ. ಕೊನೆಗೆ ಬಂದೂಕಿನ ಜೊತೆ ಅವನೇ ಗುಂಡು ಮೂತಿಯ ಒಂದು ಡಬ್ಬಿ ಆರಿಸಿದ. ಮನೆಗೆ ಬಂದ ಮೇಲೆ ಮಹಾರುದ್ರಪ್ಪ ಆ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು, ಸಂಗಮ್ಮನ ಕಾಳಿನ ಡಬ್ಬಿಗಳ ಮುಂದೆ ಕುಳಿತ.

ಸೀಸ ಬೇಡ, ಕಾಳು ಹಾಕಿ ಹೊಡೆದರಾಯಿತು ಎಂಬುದು ಅವನ ವಿಚಾರ. ಯಾವ ಕಾಳು ಎಂಬುದಷ್ಟೇ ಉಳಿದ ಪ್ರಶ್ನೆ. ಪರೀಕ್ಷೆಗೆ ಅವನು ತನ್ನ ಬೆನ್ನನ್ನೇ ಕೊಟ್ಟ. ತನಗೆ ಚುರ್ರೆಂದರೆ ಹಕ್ಕಿ ಸತ್ತ ಹಾಗೆಯೇ ಲೆಕ್ಕ. ಬನಿಯನ್ನಿನ ಮೇಲೆ ಕಂಬಳಿ ಹೊದ್ದು ಮೂವತ್ತು ಹೆಜ್ಜೆ ದೂರ ನಿಲ್ಲುತ್ತಿದ್ದ. ಗುರುಶಾಂತ ಹೊಡೆಯುತ್ತಿದ್ದ. ಬಹಳ ಮನಸ್ಸಿಟ್ಟು ಹೊಡೆಯುತ್ತಿದ್ದ.

ತೊಗರಿ ನಳಿಗೆಯೊಳಗೇ ಹೋಗಲಿಲ್ಲ. ಜೋಳ ಹೋಯಿತು, ಆದರೆ ಬಂದೂಕು ಬಗ್ಗಿಸಿದೊಡನೆ ಉರುಳಿ ಕೆಳಗೆ ಬಿತ್ತು. ಉದ್ದಿನ ಕಾಳು ಜರಡಿ ಹಿಡಿದು ಆರಿಸಿದರೆ ಅಳತೆಗೆ ಸರಿಯಾಗಿ ಕೂತಿತು. ಅದು ಕಂಬಳಿಯ ಮೇಲೆ ತಾಗಿದ್ದೇ ಮಹಾರುದ್ರಪ್ಪ ದೇವರನ್ನು ಕೂಗಿದ. ನಾಲ್ಕು ದಿನ ಮಗ್ಗುಲಾಗಿ ಮಲಗಿ, ಎದ್ದ ಮೇಲೆ ಉದ್ದನ್ನು ಕೈಬಿಟ್ಟ. ಉಳಿದದ್ದು ಹೆಸರು. ಒಣ ಹೆಸರು ಸಡಿಲ. ನೀರಲ್ಲಿ ಒಂದು ತಾಸು ನೆನೆಸಿದರೆ ಉಬ್ಬಿ ನಳಿಗೆಗೆ ಬಿಗಿಯಾಗುತ್ತದೆ, ಎರಡು ತಾಸಾದರೆ ಹಿಡಿಯುವುದಿಲ್ಲ. ಒಂದು ತಾಸಿನದು ಬೆನ್ನಿಗೆ ತಾಗಿದಾಗ ಮಹಾರುದ್ರಪ್ಪ ಕೇಳಿದ, "ಯಾಕ, ಇನ್ನಾ ಹೊಡೀಲಿಲ್ಲ?"

ಹೀಗೆ ಛರ್ರಾ ನಿಕ್ಕಿಯಾಯಿತು. ದಿನಾ ಮುಂಜಾನೆ ಅಡುಗೆಮನೆಯಲ್ಲಿ ಎರಡು ಬಟ್ಟಲು ಹೆಸರು ನೆನೆಯುತ್ತಿತ್ತು, ಒಂದು ಪಲ್ಯಕ್ಕೆ, ಒಂದು ಬಂದೂಕಿಗೆ. ಬಂದೂಕಿಗೆ ಇದು ಒಗ್ಗಲಿಲ್ಲ. ವರ್ಷಕ್ಕೆರಡು ಸಲ ಸ್ಪ್ರಿಂಗು ತುಕ್ಕು ಹಿಡಿದು ಮಾಣಿಕನಗರಕ್ಕೆ ಹೋಗುತ್ತಿತ್ತು. ತುಳಜಾರಾಮ ಅದನ್ನು ಬಿಚ್ಚಿದಾಗಲೆಲ್ಲ ಒಳಗಿಂದ ಒಂದೆರಡು ಮೊಳಕೆ ತೆಗೆದು ಮೇಜಿನ ಮೇಲಿಡುತ್ತಿದ್ದ.

ಹೊಡೆದು ಹೊಡೆದು ಮಹಾರುದ್ರಪ್ಪನ ಗುರಿ ಪಳಗಿತು. ಇಂಥ ಗಿಳಿಯ ಬಾಲಕ್ಕೆ ಎಂದರೆ ಬಾಲಕ್ಕೇ ತಾಗುತ್ತಿತ್ತು. ಮೊದಲ ವಾರ ಗಿಳಿಗಳು ಹಾರಿದವು. ಎರಡನೇ ವಾರ ಇಳಿದು ಬಂದು ಬಿದ್ದ ಕಾಳನ್ನು ನೋಡಿದವು. ನೆನೆದ ಮೆತ್ತನೆಯ ಹೆಸರು. ಸುದ್ದಿ ಮತ್ತೆ ಹರಡಿತು. ಪೇರಲವನ್ನು ಮೂಸಿಯೂ ನೋಡದ ಪಾರಿವಾಳ, ಬೆಳವ, ಗುಬ್ಬಿಗಳೆಲ್ಲ ಸಂಸಾರ ಸಮೇತ ಬಂದವು. ಮಹಾರುದ್ರಪ್ಪ ಬಂದೂಕು ಎತ್ತಿದರೆ ಸಾಕು, ಹಕ್ಕಿಗಳು ಸಾಲಾಗಿ ಕೆಳಗಿಳಿದು ಕಾಯುತ್ತಿದ್ದವು. ಅವು ಬಿಟ್ಟ ಕಾಳು ಮಳೆಗೆ ಹುಟ್ಟಿತು. ಎರಡನೇ ವರ್ಷ ಪೇರಲ ಕೈಗೆ ಹತ್ತಲಿಲ್ಲ, ಗಿಡದ ಬುಡದಲ್ಲಿ ಅರ್ಧ ಚೀಲ ಹೆಸರು ಸಿಕ್ಕಿತು.

ಎರಡು ಸಾವಿರನೇ ಇಸವಿಯಲ್ಲಿ ಗುರುಶಾಂತನ ತಾಳ್ಮೆ ಮುಗಿಯಿತು.

"ಸೋಮವಾರ ಬಸವಕಲ್ಯಾಣದಿಂದ ವ್ಯಾಪಾರಿ ಬರ್ತಾನ್ರಿ ಕಾಕಾ. ಅವ ಮಾಲು ಒಲ್ಲೆ ಅಂದ್ರ ಗಿಡ ಕಡಿಸಿ ಕಬ್ಬು ಹಚ್ತೇನಿ. ಮೂರು ವರ್ಷ ಸುಮ್ಮ ಕುಂತೇನಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಹಾರುದ್ರಪ್ಪ ಮೂರು ದಿನ ತೋಟದಲ್ಲೇ ಕಳೆದ. ಒಂದೊಂದು ಗಿಡದ ಹತ್ತಿರವೂ ಹೋಗಿ ನಿಲ್ಲುತ್ತಿದ್ದ.

ಸೋಮವಾರ ಮುಂಜಾನೆ ಸಂಗಮ್ಮ ಬುತ್ತಿ ತಂದಳು. ರೊಟ್ಟಿಯ ಜೊತೆ ಮಾಡದಲ್ಲಿದ್ದ ಸೀಸದ ಗುಂಡಿನ ಡಬ್ಬಿಯನ್ನೂ ತಂದಿದ್ದಳು.

"ಇದು ಹಾಕ್ರಿ."

ಅವನು ಅವಳ ಮುಖ ನೋಡಿದ. "ನೀನ ಅಂದಿದ್ದೆಲ್ಲ?"

"ಅಂದಿದ್ದೆ. ಈಗ ನಾನ ಬಿಟ್ಟೇನಿ. ಒಲಿ ಹಚ್ತೇನಿ, ಅಡಗಿ ಮಾಡ್ತೇನಿ. ಹೊಡೀರಿ. ನಿಮ್ಮ ಗಿಡ ಉಳೀಲಿ."

ಮಹಾರುದ್ರಪ್ಪ ಗುಂಡು ತುಂಬಿದ. ನೆನೆಸುವ ಕೆಲಸವಿಲ್ಲ, ಜರಡಿಯಿಲ್ಲ, ಸೀಸ ತನ್ನಷ್ಟಕ್ಕೆ ತಾನೇ ನಳಿಗೆಯಲ್ಲಿ ಕೂತಿತು. ಹದಿನೈದು ಹೆಜ್ಜೆಯಲ್ಲಿ ಒಂದು ಗಿಳಿ ಒಂದು ಕಾಲಲ್ಲಿ ಪೇರಲ ಹಿಡಿದು ತಿನ್ನುತ್ತಿತ್ತು. ಅವನು ಗುರಿ ಹಿಡಿದ. ಗಿಳಿ ಆ ಹಣ್ಣು ಮುಗಿಸಿತು. ಇನ್ನೊಂದಕ್ಕೆ ಬಾಯಿ ಹಾಕಿತು. ಅದನ್ನೂ ಅರ್ಧ ತಿಂದಿತು. ಮಹಾರುದ್ರಪ್ಪ ಬಂದೂಕು ಇಳಿಸಿ ಒಡ್ಡಿನ ಮೇಲೆ ಕುಳಿತ.

"ನನ್ನ ಕೈಲೆ ಆಗವಲ್ದು."

ಸಂಗಮ್ಮ ರೊಟ್ಟಿಯ ಗಂಟು ಬಿಚ್ಚಿದಳು. "ನನಗ ಗೊತ್ತಿತ್ರಿ. ಅದಕ್ಕ ಅವತ್ತ ಹಂಗ ಅಂದಿದ್ದೆ. ಗಂಡಸಾಗಿ ಒಂದು ಗಿಣಿ ಹೊಡಿಲಾರ್ದಂವ ಅಂತ ಮಂದಿ ನಿಮಗ ನಗೋದಕ್ಕಿಂತ, ಹೆಂಡ್ತಿ ಹಟಮಾರಿ ಅನ್ಲಿ ಅಂತ."

ಬಾವಿಕಟ್ಟೆಯಲ್ಲಿ, ಮದುವೆ ಮನೆಗಳಲ್ಲಿ ಜನ ಆಡಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಒಮ್ಮೆಯೂ ಎದುರಾಡಿರಲಿಲ್ಲ. ಮಹಾರುದ್ರಪ್ಪನಿಗೆ ಅವಳ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು, ತನ್ನ ಮೇಲೆ ಅಷ್ಟೇ ನಾಚಿಕೆ.

ಮಧ್ಯಾಹ್ನ ವ್ಯಾಪಾರಿ ಬಂದ. ಹತ್ತು ಗಿಡ ನೋಡಿದ, ಹನ್ನೊಂದನೆಯದಕ್ಕೆ ಹೋಗದೆ ಮೋಟರ್ ಸೈಕಲ್ ಹತ್ತಿ ಹೋದ. ಮುಚ್ಚಳ ತೆರೆದಿದ್ದ ಡಬ್ಬಿಯ ಮೇಲೆ ಗುರುಶಾಂತನ ಕಣ್ಣು ಬಿತ್ತು. ಬಂದೂಕಿನ ನಳಿಗೆ ಮಡಚಿ ಒಳಗೆ ನೋಡಿದ. ಗುಂಡು ಹಾಗೇ ಇತ್ತು.

"ಸೀಸ ತುಂಬೇರಿ, ಹೊಡದಿಲ್ಲ. ಎಲ್ಲಾ ನಿಮ್ಮ ಹಟದಿಂದ ಆತ್ರಿ ಕಾಕಿ!"

ಸಂಗಮ್ಮ ಸೆರಗು ಎಳೆದುಕೊಂಡು ಎಂದಿನಂತೆಯೇ ಹೇಳಿದಳು, "ಹೌದಪ್ಪ. ನಾನ ಬ್ಯಾಡಂದೆ."

ಮಹಾರುದ್ರಪ್ಪ ಎದ್ದು ನಿಂತ.

"ಆಕಿ ಸುಳ್ಳು ಹೇಳಾಕತ್ತಾಳ. ಆಕಿ ಹೊಡೀರಿ ಅಂದ್ಳು. ನನ್ನ ಕೈಲೆ ಆಗಲಿಲ್ಲ. ಮೊದಲಿಂದನೂ ಆಗ್ತಿರ್ಲಿಲ್ಲ. ತ್ವಾಟ ಕಡಸು."

ಅಷ್ಟು ಗಟ್ಟಿಯಾಗಿ ಅವನು ಎಂದೂ ಮಾತಾಡಿದವನಲ್ಲ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಡು ಎತ್ತಿ ಈ ಕಡೆ ನೋಡಿದರು. ಅವರಲ್ಲಿ ಒಬ್ಬಳು ಧೂಳಮ್ಮ. ಅವಳ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ. ಮಹಾರುದ್ರಪ್ಪನಿಗೆ ಇದು ಗೊತ್ತಿತ್ತು. ಅವಳತ್ತ ತಿರುಗಿ, ತನ್ನ ಕೈಲೇ ಆಗಲಿಲ್ಲ ಎಂಬ ಮಾತನ್ನು ಇನ್ನೊಮ್ಮೆ ಹೇಳಿದ.

ಗಿಡ ಕಡಿಯಲು ಎರಡು ದಿನ ಹಿಡಿಯಿತು. ಮಹಾರುದ್ರಪ್ಪ ಆ ಕಡೆ ಹೋಗಲಿಲ್ಲ. ಗಿಣಿ ಹೊಡೆಯಲಾರದವನು ಎಂದು ಊರು ಅವನನ್ನು ನೋಡಿ ಕಬ್ಬು ಎದೆಯುದ್ದ ಬರುವ ತನಕ ನಕ್ಕಿತು. ಸಂಗಮ್ಮನ ಹಟದ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಲಿಲ್ಲ.